ಅಪ್ಪ ಹಾಕಿಸುತ್ತಿದ್ದ ಎರಡು ಎಲೆ

ಮಹಾಲಯ ಅಮಾವಾಸ್ಯೆಗೆ ಹಲಸೂರಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಅಪ್ಪ ತಾತ-ಅಜ್ಜಿಯ ಎಲೆಗಳ ಪಕ್ಕ ಇನ್ನೆರಡು ಎಲೆ ಹಾಕಿಸುತ್ತಿದ್ದರು. ಅವು 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ ಶಕರ್‌ಗಢದ ಕಡೆ, ಬಸಂತರ್ ನದಿಯ ಹತ್ತಿರ ತೀರಿಕೊಂಡ ಇಬ್ಬರು ತಂಬಿಗಳದ್ದು. ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರನ್ನು ಸೇನೆಯಲ್ಲಿ ಇವತ್ತಿಗೂ ತಂಬಿ ಅಂತಲೇ ಕರೆಯುವುದು.

ಟ್ಯಾಂಕು ಮುಂದೆ ಹೋಗಬೇಕಾದರೆ ನೆಲದಲ್ಲಿ ಹೂತಿಟ್ಟ ಸಿಡಿಮದ್ದಿನ ಮೈನ್ ತೆಗೆದು ದಾರಿ ಮಾಡಿಕೊಡುವವರು ಅವರೇ. ಆ ಕೆಲಸದಲ್ಲಿದ್ದ ಮೇಜರ್ ವಿಜಯ್ ರತನ್ ಚೌಧರಿ ಅಲ್ಲೇ ಮಡಿದರು, ಮರಣೋತ್ತರ ಮಹಾವೀರ ಚಕ್ರ ಬಂತು. ಅಪ್ಪನ ಗೆಳೆಯರ ಹೆಸರು ನಮ್ಮ ಮನೆಯಾಚೆ ಎಷ್ಟು ಜನಕ್ಕೆ ಗೊತ್ತೋ! "ಅವರಿಬ್ಬರೂ ಮುಂದಿದ್ದರು, ನಾನು ಹಿಂದಿದ್ದೆ" ಅನ್ನುವಲ್ಲಿಗೆ ಅಪ್ಪನ ಮಾತು ನಿಂತುಬಿಡುತ್ತಿತ್ತು. ಅದೇ ರಾತ್ರಿ ಹೋದ ತಮ್ಮ ಎಡಗಿವಿಯ ಸುದ್ದಿ ಎತ್ತುತ್ತಲೇ ಇರಲಿಲ್ಲ. "ಪಾಪ, ಇಬ್ಬರಿಗೂ ಮದುವೆಯಾಗಿರಲಿಲ್ಲ" ಅಂತ ಮಾತ್ರ ಪ್ರತಿ ವರ್ಷವೂ ಹೇಳುತ್ತಿದ್ದರು.

ಮಕ್ಕಳಿಲ್ಲದೆ ಹೋದವರಿಗೆ ಎಡೆ ಇಡುವವರು ಯಾರು? ತಿಥಿ ತಿಳಿಯದವರಿಗೂ ಈ ಅಮಾವಾಸ್ಯೆಯಂದು ಸಲ್ಲುತ್ತದೆ. ತರ್ಪಣ ಬಿಡುವವರು ಬಂಧುಗಳಿಲ್ಲದವರಿಗೂ ಎಳ್ಳುನೀರು ಬಿಡುತ್ತಾರೆ. ಯುದ್ಧ ಕಂಡವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಹಬ್ಬವಿಲ್ಲವೆಂದೇ ನನ್ನ ನಂಬಿಕೆ.

ಒಂದು ಎಲೆಗೆ ಉದ್ದಿನ ವಡೆ ಜಾಸ್ತಿ ಬೀಳಬೇಕು. ಇನ್ನೊಂದರ ಪಕ್ಕ ಎನಾಮಲ್ ಮಗ್ಗಿನಲ್ಲಿ ಸಕ್ಕರೆ ಸುರಿದ ಟೀ, ಹಬೆಯಾಡುತ್ತಿರಬೇಕು. ಆರಿದರೆ ಅಮ್ಮನಿಂದ ಮತ್ತೆ ಕಾಯಿಸಿ ತರಿಸುತ್ತಿದ್ದರು. ಧೂಪ ಹಾಕಿ, ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ನಾವೆಲ್ಲ ಜಗಲಿಯಲ್ಲಿ ಕೂರುತ್ತಿದ್ದೆವು. ಅಪ್ಪ ಕೂರುತ್ತಿರಲಿಲ್ಲ. ಮೊಣಕಾಲು ನೋವಿದ್ದ ವರ್ಷಗಳಲ್ಲೂ ಬಾಗಿಲಿಗೆ ಮುಖ ಮಾಡಿ, ಬೆನ್ನು ನೆಟ್ಟಗೆ, ಮುಷ್ಟಿ ಬಿಗಿದ ಕೈ ತೊಡೆಗೆ ಒತ್ತಿಕೊಂಡು ನಿಂತೇ ಇರುತ್ತಿದ್ದರು.

ಆಮೇಲೆ ಒಂದು ದಿನ ಬೇಗೂರಿನ ನಾಗನಾಥೇಶ್ವರನ ದರ್ಶನ. ಸುಮಾರು 890ರ ಶಾಸನವೊಂದು ಅಲ್ಲಿದೆ, ಬೆಂಗಳೂರ ಕಾಳಗದಲ್ಲಿ ಸತ್ತವನ ನೆನಪಿಗೆ ಬರೆಸಿದ್ದು. ಈ ಊರಿನ ಹೆಸರಿರುವ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ಅಪ್ಪ ಮೊದಲು ಕಲ್ಲಿಗೆ ಕೈಮುಗಿದು, ಆಮೇಲೆ ಗರ್ಭಗುಡಿಯ ಕಡೆ ತಿರುಗುತ್ತಿದ್ದರು.

ಈಗ ಅಪ್ಪನಿಗೂ ಎಡೆ ಇಡುತ್ತಿದ್ದೇವೆ. ಈ ಸಲ ಬೇಗೂರಿನಲ್ಲಿ ಸದ್ಗತಿಗೆಂದು ಪೂಜೆ ಮಾಡಿಸುವಾಗ ಮೂರು ಹೆಸರು ಹೇಳಿದೆ. "ಇವರಿಬ್ಬರ ಗೋತ್ರ ಗೊತ್ತಿಲ್ಲ ಸ್ವಾಮಿ" ಅಂದೆ. ಅರ್ಚಕರು ಕಾಶ್ಯಪ ಗೋತ್ರವೆಂದು ಸೇರಿಸಿಕೊಂಡರು. ಅಪ್ಪನನ್ನು ಆ ಇಬ್ಬರ ಜೊತೆಗೇ ಇಟ್ಟಿರಪ್ಪಾ ನಾಗನಾಥ, ಅಂತ ಬೇಡಿಕೊಂಡೆ.