ಕಾರ್ಡ್ ಮಗುಚುವವರೆಗೆ

"ನಿನ್ನ ಕಾರ್ಡ್ ಇನ್ನೂ ಮಗುಚಿಲ್ಲ ತಾನೇ? ಹಾಗಾದ್ರೆ ತಪ್ಪಿಸಿಕೊಳ್ಳೋ!"

ಮೊನ್ನೆ ಶನಿವಾರ ರಾತ್ರಿ ನಮ್ಮ ಟೇಬಲ್ ಸುತ್ತ ಅತಿ ಹೆಚ್ಚು ಸಲ ಕೇಳಿಬಂದ ಮಾತು ಇದು. ಆರು ವರ್ಷದಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯನ್ನೇ ಆಡಿಕೊಂಡು ಬಂದ ಗುಂಪು ನಮ್ಮದು. ಡಿ ಅಂಡ್ ಡಿ ಅಂತಲೂ ಕರೆಯುವ ಅದು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಎಸೆಯುತ್ತಾ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟ. ಅದರ ರೂಲ್ಸ್ ಬಾಯಿಪಾಠವಾಗಿದೆ. ಬೇಸರವೇನೂ ಬಂದಿರಲಿಲ್ಲ. ಆದರೆ ದೊಡ್ಡ ಕಥೆಯೊಂದು ಹೋದ ತಿಂಗಳು ಮುಗಿದಿತ್ತು, ಹೊಸದನ್ನು ಶುರು ಮಾಡುವ ಮೊದಲು ಒಂದು ರಾತ್ರಿಯ ಮಟ್ಟಿಗೆ ಬೇರೆ ರೂಲ್ಸ್ ಹಿಡಿದು ನೋಡೋಣ ಅಂತ ನಾನೇ ಕೇಳಿಕೊಂಡೆ. ಆರಿಸಿದ್ದು ಡ್ರ್ಯಾಗನ್‌ಬೇನ್.

ಹೊಸತು ಅಂದರೂ ಇದರ ಬೇರು ಹಳೆಯದು. 1982ರಲ್ಲಿ ಸ್ವೀಡನ್‌ನಲ್ಲಿ 'ಡ್ರಾಕರ್ ಓಕ್ ಡೆಮೋನರ್' ಅನ್ನುವ ಹೆಸರಲ್ಲಿ ಬಂದ ಆಟ, ಅಲ್ಲಿನ ಒಂದು ಇಡೀ ತಲೆಮಾರಿಗೆ ರೋಲ್‌ಪ್ಲೇಯಿಂಗ್ ಅಂದರೆ ಏನು ಅಂತ ಕಲಿಸಿದ್ದೇ ಅದು. 2023ರಲ್ಲಿ ಫ್ರೀ ಲೀಗ್ ಸಂಸ್ಥೆ ಅದನ್ನು ಹೊಸದಾಗಿ ಬರೆದು ಇಂಗ್ಲಿಷಿಗೂ ತಂದಿತು. ಮೂಲ ಲೆಕ್ಕ ಸುಲಭ. ಇಪ್ಪತ್ತು ಮುಖದ ಡೈಸ್ ಎಸೆಯಬೇಕು, ನಿಮ್ಮ ಕೌಶಲದ ಅಂಕಿಗೆ ಸಮ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆಲುವು. 1 ಬಿದ್ದರೆ ಡ್ರ್ಯಾಗನ್, ಅದ್ಭುತ ಗೆಲುವು. 20 ಬಿದ್ದರೆ ಡೀಮನ್, ಹೀನಾಯ ಸೋಲು. ನಮ್ಮವರು ಮೊದಲ ಹತ್ತು ನಿಮಿಷದಲ್ಲೇ ಅದನ್ನು 'ದೆವ್ವ' ಮಾಡಿಬಿಟ್ಟರು.

ಹೆಸರುಗಳ ಬಗ್ಗೆ ಒಂದು ಮಾತು ಹೇಳಿಯೇ ಮುಂದಕ್ಕೆ ಹೋಗುತ್ತೇನೆ, ಯಾಕೆಂದರೆ ಆಟಕ್ಕೆ ಮುಂಚಿನ ಎರಡು ಸಂಜೆ ನಾನು ಇದಕ್ಕೇ ಕೂತಿದ್ದೆ. ಕ್ಯಾರೆಕ್ಟರ್ ಶೀಟನ್ನು, ಅಂದರೆ ಪಾತ್ರದ ಅಂಕಿಗಳೆಲ್ಲ ಇರುವ ಹಾಳೆಯನ್ನು, ಕನ್ನಡದಲ್ಲಿ ಬರೆದುಕೊಡಬೇಕು ಅನ್ನುವ ಆಸೆ ಬಹಳ ದಿನದ್ದು. ಡ್ರ್ಯಾಗನ್‌ಬೇನ್‌ನಲ್ಲಿ ಅನುಕೂಲ ಇದ್ದಾಗ ಎರಡು ಡೈಸ್ ಎಸೆದು ಒಳ್ಳೆಯದನ್ನು ಇಟ್ಟುಕೊಳ್ಳುತ್ತೀರಿ, ಅದು 'ಬೂನ್'. ಪ್ರತಿಕೂಲ ಇದ್ದರೆ ಎರಡರಲ್ಲಿ ಕೆಟ್ಟದ್ದು, ಅದು 'ಬೇನ್'. ನಾನು ವರ, ಶಾಪ ಅಂತ ಬರೆದೆ. ಆ ಎರಡು ಪದ ಎಷ್ಟು ಸಲೀಸಾಗಿ ಕೂತವು ಅಂದರೆ, ಮೊದಲ ಜಗಳದಲ್ಲೇ "ಅಯ್ಯೋ, ನಂಗೆ ಶಾಪ ಇದೆಯಲ್ಲ" ಅಂತ ಒಬ್ಬ ತಲೆ ಮೇಲೆ ಕೈ ಹೊತ್ತ. ಇನ್ನು ಪ್ರತಿ ಪಾತ್ರಕ್ಕೂ ಇರುವ ಆರು ಗುಣಗಳಿಗೆ ಒಂದೊಂದರಂತೆ ಆರು ದುಸ್ಥಿತಿಗಳು: ದಣಿವು, ಅನಾರೋಗ್ಯ, ಮಂಕು, ಸಿಟ್ಟು, ಭಯ, ಎದೆಗುಂದಿಕೆ. ಕೊನೆಯದಕ್ಕೆ 'ನಿರಾಶೆ' ಅಂತ ಬರೆದಿದ್ದೆ, ಹೊಡೆದು ಹಾಕಿದೆ. ನಿರಾಶೆ ತಲೆಯಲ್ಲಿರುತ್ತದೆ, ಎದೆಗುಂದುವುದು ಮೈಯಲ್ಲಿ ಕಾಣುತ್ತದೆ. ಆಡುವವರಿಗೆ ಬೇಕಾದದ್ದು ಎರಡನೆಯದು.

ನಾನು ಜಿಎಂ, ಅಂದರೆ ಕಥೆ ನಡೆಸುವ, ಶತ್ರುಗಳನ್ನು ಆಡಿಸುವ ಗೇಮ್ ಮಾಸ್ಟರ್. ಆಡುವವರು ನಾಲ್ವರು. ಒಬ್ಬ ಕುಬ್ಜ ಯೋಧ, ಒಬ್ಬ ಎಲ್ಫ್ ಮಂತ್ರವಾದಿ, ಒಬ್ಬಳು ತೋಳದ ಕುಲದ ಬೇಟೆಗಾರ್ತಿ. ಮತ್ತೊಬ್ಬಳು ಬಾತು. ಹೌದು, ಈ ಆಟದಲ್ಲಿ ಮನುಷ್ಯರಷ್ಟೇ ಸಹಜವಾಗಿ ಬಾತುಗಳೂ ಓಡಾಡುತ್ತವೆ, ಕತ್ತಿ ಹಿಡಿಯುತ್ತವೆ, ಬೇಗ ಸಿಡುಕುತ್ತವೆ. ಬಾತನ್ನು ಆರಿಸಿಕೊಂಡವಳು ನಮ್ಮ ಗುಂಪಿಗೆ ಸೇರಿ ಒಂದು ವರ್ಷವಾಯಿತು. ತುಂಬಾ ಮಿತಭಾಷಿ. ಅವಳ ಸರದಿ ಬಂದಾಗ "ಬಾಣ ಬಿಡ್ತೀನಿ" ಅನ್ನುತ್ತಾಳೆ, ಡೈಸ್ ಎಸೆಯುತ್ತಾಳೆ, ಅಲ್ಲಿಗೆ ಮುಗಿಯಿತು. ಮಿಕ್ಕ ಹೊತ್ತೆಲ್ಲ ನಗುನಗುತ್ತಾ ನೋಡುತ್ತಾ ಕೂತಿರುತ್ತಾಳೆ. ಅವಳಿಗೆ ಆಟ ಇಷ್ಟವೋ, ನಮ್ಮ ಜೊತೆ ಕೂರುವುದಷ್ಟೇ ಇಷ್ಟವೋ ನನಗೆ ತಿಳಿದಿರಲಿಲ್ಲ. ಅದು ನನ್ನನ್ನು ಕಾಡುತ್ತಿತ್ತು.

ಕ್ಯಾರೆಕ್ಟರ್ ಮಾಡುವುದು ಬೇಗ ಮುಗಿಯಿತು, ಬಹುಪಾಲು ಕೋಷ್ಟಕದ ಮೇಲೆ ಡೈಸ್ ಎಸೆಯುವುದೇ. ನಲವತ್ತು ನಿಮಿಷದಲ್ಲಿ ನಾಲ್ವರೂ ತಯಾರು.

ಮೊದಲ ಜಗಳ ಮುರಿದ ಸೇತುವೆಯ ಹತ್ತಿರ, ಮೂವರು ದರೋಡೆಕೋರರ ಜೊತೆ. ಇಲ್ಲೇ ಹಳೆಯ ಅಭ್ಯಾಸ ಅಡ್ಡ ಬಂದಿದ್ದು. ಡಿ ಅಂಡ್ ಡಿಯಲ್ಲಿ ಸರದಿಯ ಕ್ರಮ ಜಗಳದ ಶುರುವಿನಲ್ಲಿ ಒಂದೇ ಸಲ ನಿಶ್ಚಯವಾಗುತ್ತದೆ. ರಕ್ಷಣೆ ಅನ್ನುವುದು ಶೀಟಿನ ಮೇಲೆ ಬರೆದಿಟ್ಟ ಒಂದು ಅಂಕಿ. ಶತ್ರು ಹೊಡೆದಾಗ ಸಾಮಾನ್ಯವಾಗಿ ನೀವೇನೂ ಮಾಡಬೇಕಿಲ್ಲ, ಆ ಅಂಕಿಯೇ ನಿಮ್ಮ ಪರವಾಗಿ ನಿಂತಿರುತ್ತದೆ. ಡ್ರ್ಯಾಗನ್‌ಬೇನ್‌ನಲ್ಲಿ ಪ್ರತಿ ಸುತ್ತಿಗೂ 1ರಿಂದ 10ರವರೆಗಿನ ಕಾರ್ಡ್‌ಗಳಿಂದ ಹೊಸದಾಗಿ ಒಂದನ್ನು ಎಳೆಯಬೇಕು. ಚಿಕ್ಕ ಅಂಕಿಯವರು ಮೊದಲು. ಒಂದು ಸುತ್ತಿಗೆ ಒಂದೇ ಕ್ರಿಯೆ. ಶತ್ರುವಿನ ಏಟನ್ನು ಗುರಾಣಿಯಿಂದ ತಡೆದರೂ, ಪಕ್ಕಕ್ಕೆ ಹಾರಿ ತಪ್ಪಿಸಿಕೊಂಡರೂ ಆ ಒಂದೇ ಕ್ರಿಯೆ ಅಲ್ಲಿಗೆ ಖರ್ಚು. ಕಾರ್ಡ್ ಮಗುಚಬೇಕು. ಮೊದಲೇ ಹೊಡೆದು ಮುಗಿಸಿದ್ದೀರಾ? ಹಾಗಾದರೆ ಆ ಸುತ್ತಿನಲ್ಲಿ ಬರುವ ಏಟನ್ನು ತಡೆಯುವಂತಿಲ್ಲ.

ನಮ್ಮ ಕುಬ್ಜ ಏಟು ತಡೆದ. ಚೆನ್ನಾಗಿಯೇ ತಡೆದ. "ಸರಿ, ಈಗ ನನ್ನ ಕೊಡಲಿ" ಅಂತ ಡೈಸ್ ಎತ್ತಿಕೊಂಡ. ಈ ಸುತ್ತಿಗೆ ನಿನ್ನದು ಮುಗಿಯಿತು ಅಂದೆ. ಅವನ ಮುಖ ಇಳಿದುಹೋಯಿತು. "ಮೈ ಕಾಪಾಡಿಕೊಂಡಿದ್ದಕ್ಕೆ ದಂಡ ಹಾಕ್ತಿದ್ದೀಯ" ಅಂದ. ಆ ಗಳಿಗೆಯಲ್ಲಿ ಆಟ ಕೈಬಿಟ್ಟುಹೋಯಿತೇನೋ ಅನ್ನಿಸಿತು ನನಗೆ.

ಮುಂದಿನ ಸುತ್ತಿನಲ್ಲಿ ತೋಳದ ಹುಡುಗಿಗೆ 2 ಬಂತು, ಕುಬ್ಜನಿಗೆ 8. ದರೋಡೆಕೋರರ ಬಿಲ್ಲುಗಾರ ಅವಳ ಕಡೆಗೇ ಗುರಿ ಹಿಡಿದಿದ್ದ. ಈ ರೂಲ್ಸ್‌ನಲ್ಲಿ ನಿಮ್ಮ ಸರದಿ ಬಂದಾಗ ಕಾಯುತ್ತೇನೆ ಅಂತ ಹೇಳಿ, ನಂತರದ ಅಂಕಿಯವರ ಜೊತೆ ಕಾರ್ಡ್ ಬದಲಾಯಿಸಿಕೊಳ್ಳಬಹುದು. ಅವಳು ತನ್ನ 2ನ್ನು ಕುಬ್ಜನ ಮುಂದೆ ತಳ್ಳಿದಳು. "ನೀನು ಹೋಗಿ ಹೊಡಿ. ನನ್ನ ಕಾರ್ಡ್ ತೆರೆದೇ ಇರಲಿ, ಬಾಣ ಬಂದ್ರೆ ಹಾರ್ತೀನಿ." ಕುಬ್ಜ ಅವಳ ಮುಖ ನೋಡಿದ, ಕಾರ್ಡ್ ನೋಡಿದ, ಕೊಡಲಿ ಬೀಸಿದ. ಅಲ್ಲಿಂದಾಚೆಗೆ ದಂಡದ ಮಾತು ಅವನ ಬಾಯಲ್ಲಿ ಬರಲಿಲ್ಲ. ಯಾರು ಹೊಡೆಯಬೇಕು, ಯಾರು ಕಾಯಬೇಕು, ಯಾರ ಬೆನ್ನ ಹಿಂದೆ ಯಾರು ನಿಲ್ಲಬೇಕು ಅನ್ನುವುದೇ ಪ್ರತಿ ಸುತ್ತಿನ ಮಾತಾಯಿತು. ಫೋನ್ ಕೈಗೆತ್ತಿಕೊಂಡವರು ಒಬ್ಬರೂ ಇಲ್ಲ. ಎತ್ತಿಕೊಳ್ಳುವುದಾದರೂ ಹೇಗೆ? ಮುಂದಿರುವ ಕಾರ್ಡ್ ಮಗುಚುವವರೆಗೆ ನಿಮ್ಮ ಸರದಿ ಯಾವ ಕ್ಷಣದಲ್ಲಾದರೂ ಬರಬಹುದು.

ಈಗ ಬಾವಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳುವುದಕ್ಕಾಗಿಯೇ ಈ ಪೋಸ್ಟ್ ಬರೆಯುತ್ತಿರುವುದು.

ಪಾಳುಬಿದ್ದ ಬಾವಿಯೊಂದರ ತಳದಲ್ಲಿ ಕಂಚಿನ ಗಂಟೆ ಇದೆ, ಅದನ್ನು ಮೇಲಕ್ಕೆ ತರಬೇಕು. ಬಾವಿಯಲ್ಲಿ ಒಂದು ಹಾವಿದೆ. ಈ ಆಟದಲ್ಲಿ ದೈತ್ಯ ಪ್ರಾಣಿಗಳಿಗೆ ಬೇರೆಯದೇ ರೂಲ್: ಅವುಗಳ ಏಟು ಗುರಿ ತಪ್ಪುವುದೇ ಇಲ್ಲ. ಜಿಎಂ ಆರು ಸಾಲಿನ ಕೋಷ್ಟಕದ ಮೇಲೆ ಒಂದು ಡೈಸ್ ಎಸೆಯುತ್ತಾನೆ, ಬಿದ್ದ ಸಾಲು ನಡೆದೇ ನಡೆಯುತ್ತದೆ. ಬೇರೆ ಹೇಳಿರದಿದ್ದರೆ ಗುರಾಣಿಯಿಂದ ತಡೆಯಲೂ ಆಗದು, ಹಾರಿ ತಪ್ಪಿಸಿಕೊಳ್ಳಬೇಕು ಅಷ್ಟೇ. ಪುಸ್ತಕದ ಪ್ರಾಣಿಗಳನ್ನು ಬಿಟ್ಟು ನನ್ನದೇ ಹಾವಿನ ಕೋಷ್ಟಕ ಬರೆದಿದ್ದೆ. ಬಾಲ ಬೀಸಿ ನಿಂತವರನ್ನೆಲ್ಲ ಗೋಡೆಗೆ ಅಪ್ಪಳಿಸುವುದು ಒಂದು ಸಾಲು, ಸುತ್ತಿಕೊಂಡು ನೀರಿಗೆಳೆಯುವುದು ಇನ್ನೊಂದು. ಸುಮ್ಮನೆ ತಲೆಯೆತ್ತಿ ಬುಸುಗುಟ್ಟಿ ಎಲ್ಲರ ಎದೆಗುಂದಿಸುವುದು ಮತ್ತೊಂದು. ಸುತ್ತಿಗೆ ಎರಡು ಕಾರ್ಡ್ ಅದಕ್ಕೆ. ಮೊದಲ ಸುತ್ತಿನಲ್ಲಿ ನಾನೇ ಒಂದು ತಪ್ಪು ಮಾಡಿದೆ, ಬಾಲದ ಏಟನ್ನು ಗುರಾಣಿಯಲ್ಲಿ ತಡೆಯಲು ಕುಬ್ಜನಿಗೆ ಬಿಟ್ಟುಬಿಟ್ಟೆ. ಆಮೇಲೆ ಪುಟ ತಿರುವಿ ನೋಡಿ ಎಲ್ಲರಿಗೂ ಹೇಳಿದೆ. ಆಗಿದ್ದು ಆಗಿಹೋಯಿತು, ಇನ್ನು ಮುಂದೆ ಸರಿಯಾಗಿ ಆಡೋಣ ಅಂತ ಒಪ್ಪಿಕೊಂಡೆವು.

ಮೂರನೇ ಸುತ್ತು. ಹಾವಿಗೆ 3 ಮತ್ತು 7. ಕುಬ್ಜನಿಗೆ 4. ಬಾತಿಗೆ 9.

ಮೂರಕ್ಕೆ ಹಾವು ಕುಬ್ಜನನ್ನು ಸುತ್ತಿಕೊಂಡಿತು. ತಪ್ಪಿಸಿಕೊಳ್ಳಲು ಎಸೆದ, ಆಗಲಿಲ್ಲ. ಎಷ್ಟು ಪೆಟ್ಟು ತಾಳಬಲ್ಲ ಅನ್ನುವ ಅಂಕಿ, ಅವನ ಪ್ರಾಣಾಂಕ, ಸೊನ್ನೆಗಿಳಿಯಿತು. ಈಗ ಸರದಿ ಬಂದಾಗಲೆಲ್ಲ ಅವನು ಸಾವಿನ ಡೈಸ್ ಎಸೆಯಬೇಕು, ಮೂರು ಗೆದ್ದರೆ ಬದುಕು, ಮೂರು ಸೋತರೆ ಕಥೆ ಮುಗಿಯಿತು. ಮೊದಲನೆಯದನ್ನು ಸೋತ. ಹಗ್ಗ ಅವನ ಸೊಂಟಕ್ಕೇ ಕಟ್ಟಿತ್ತು, ಗಂಟೆ ಅವನ ಕೈಯಲ್ಲೇ ಇತ್ತು. ಅವನು ಏಳದೆ ಯಾರೂ ಮೇಲೆ ಹೋಗುವ ಹಾಗಿರಲಿಲ್ಲ.

ಏಳಕ್ಕೆ ಹಾವು ಬಾತಿನ ಕಡೆ ತಿರುಗಿತು. ಕಚ್ಚುವ ಸಾಲು, ಆರು ಮುಖದ ಎರಡು ಡೈಸಿನಷ್ಟು ಪೆಟ್ಟು. ಅವಳ ಹತ್ತಿರ ಇದ್ದದ್ದು 11 ಪ್ರಾಣಾಂಕ. ನಾಲ್ಕೂ ಕಡೆಯಿಂದ ಒಂದೇ ಕೂಗು: "ತಪ್ಪಿಸಿಕೋ, ತಪ್ಪಿಸಿಕೋ!" ಅವಳ ಕಾರ್ಡ್ ತೆರೆದೇ ಇತ್ತು. ಅವಳು ಆ 9ರ ಮೇಲೆ ಬೆರಳಿಟ್ಟು ಕೂತಳು. ಆಮೇಲೆ ನನ್ನನ್ನು ಕೇಳಿದಳು, "ತಪ್ಪಿಸಿಕೊಂಡ್ರೆ ಇವನನ್ನ ಎಬ್ಬಿಸೋಕೆ ಆಗಲ್ಲ, ಅಲ್ವಾ?" ಈ ಸುತ್ತಿನಲ್ಲಿ ಆಗಲ್ಲ ಅಂದೆ.

"ಹಾಗಾದ್ರೆ ಕಚ್ಚಲಿ."

ನಾನು ಡೈಸ್ ಎಸೆದೆ. 9. ತೊಗಲಿನ ಅಂಗಿ ಒಂದನ್ನು ತಡೆಯಿತು, 8 ಒಳಗಿಳಿಯಿತು. ಉಳಿದದ್ದು 3.

ಒಂಬತ್ತಕ್ಕೆ ಅವಳ ಸರದಿ. ಸೊನ್ನೆಗಿಳಿದವರನ್ನು ಮಾತಿನಿಂದ ಹುರಿದುಂಬಿಸಿ ಎಬ್ಬಿಸಬಹುದು, ಅದಕ್ಕೆ ಮನವೊಲಿಕೆಯ ಕೌಶಲ ಬೇಕು. ಅವಳದ್ದು 12. ಬಿದ್ದದ್ದು 14.

ಇಲ್ಲಿ ಇನ್ನೊಂದು ರೂಲ್ ಇದೆ, ನನ್ನ ಮಟ್ಟಿಗೆ ಇಡೀ ಪುಸ್ತಕದ ಜೀವ ಅದು. ಸೋತ ಎಸೆತವನ್ನು ಮತ್ತೊಮ್ಮೆ ಎಸೆಯಬಹುದು, ಬದಲಿಗೆ ಆ ಆರು ದುಸ್ಥಿತಿಗಳಲ್ಲಿ ಒಂದನ್ನು ಮೈಮೇಲೆ ಎಳೆದುಕೊಳ್ಳಬೇಕು. ಆಮೇಲೆ ಆ ಗುಣಕ್ಕೆ ಸೇರಿದ ಎಲ್ಲ ಎಸೆತಕ್ಕೂ ಶಾಪ. ಲೆಕ್ಕ ಹಾಕಿದರೆ 12ರ ಕೌಶಲಕ್ಕೆ ಗೆಲ್ಲುವ ಸಾಧ್ಯತೆ ಶೇ 60. ಮರು ಎಸೆತವೂ ಸೇರಿದರೆ ಶೇ 81, ಯಾಕೆಂದರೆ ದೆವ್ವ ಬಿದ್ದರೆ ಮಾತ್ರ ಮತ್ತೆ ಎಸೆಯುವಂತಿಲ್ಲ. ಶಾಪ ಇದ್ದರೆ ಅದೇ 12 ಬರೀ ಶೇ 36. ಅಂದರೆ ಈಗಿನ ಗೆಲುವಿಗೆ ಮುಂದಿನದನ್ನು ಅಡವಿಡುತ್ತೀರಿ. ಆದರೆ ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೆ. ಆ ದುಸ್ಥಿತಿ ಯಾಕೆ ಬಂತು ಅಂತ ಆಡುವವರೇ ಬಾಯಿಬಿಟ್ಟು ಹೇಳಬೇಕು.

ಯಾವುದು ತಗೋತೀಯ ಅಂತ ಕೇಳಿದೆ. ಅವಳು ಶೀಟಿನ ಮೇಲಿನ ಆರು ಚೌಕಗಳನ್ನು ಒಂದೊಂದಾಗಿ ನೋಡಿದಳು. ನಾವೂ ಸುಮ್ಮನಿದ್ದೆವು. ಭಯದ ಚೌಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ತಲೆಯೆತ್ತದೆ, ಕುಬ್ಜನ ಹೆಸರು ಹಿಡಿದು ಕೂಗದೆ, ಮೆಲ್ಲಗೆ ಅಂದಳು:

"ಏಳೋ. ನಂಗೆ ಈ ಕತ್ತಲಲ್ಲಿ ಒಬ್ಬಳೇ ಇರೋಕೆ ಭಯ ಆಗುತ್ತೆ. ಇಷ್ಟು ದಿನ ಹೇಳಿರಲಿಲ್ಲ. ನೀನು ಮುಂದೆ ಇರ್ತಿದ್ದೆ ಅಂತ ಬರ್ತಿದ್ದೆ ಅಷ್ಟೇ. ಏಳು."

ಡೈಸ್ ಎಸೆದಳು. 5.

ಯಾರೂ ಕೂಗಾಡಲಿಲ್ಲ. ಕುಬ್ಜನನ್ನು ಆಡುತ್ತಿದ್ದ ಗೆಳೆಯ ಒಂದು ಕ್ಷಣ ಬಿಟ್ಟು, "ಎದ್ದೆ" ಅಂದ. ಅವನ ಗಂಟಲು ಕಟ್ಟಿತ್ತು.

ಹಾವು ಸಾಯಲಿಲ್ಲ. ಮುಂದಿನ ಸುತ್ತಿನಲ್ಲಿ ಮಂತ್ರವಾದಿ ಬೆಂಕಿ ಎಸೆದು ಅದರ ಗಮನ ಸೆಳೆದ, ಕುಬ್ಜ ಹಗ್ಗ ಹಿಡಿದ, ಎಲ್ಲರೂ ಮೇಲೆ ಬಂದರು. ಎದ್ದ ಮೇಲೂ ನಡೆದೇ ಇದ್ದ ಕುಬ್ಜನ ಸಾವಿನ ಡೈಸ್ ಎರಡು ಸೋಲು ಕಂಡು ಮೂರನೇ ಗೆಲುವಿಗೆ ನಿಂತಿತು.

ಮಂತ್ರವಾದಿಯ ಗೆಳೆಯನಿಗೆ ಮಾತ್ರ ಈ ರೂಲ್ಸ್ ಹಿಡಿಸಲಿಲ್ಲ, ಅವನ ಮಾತಿನಲ್ಲಿ ಹುರುಳಿದೆ. ಇಲ್ಲಿ ಮಂತ್ರಕ್ಕೆ ಇಚ್ಛಾಶಕ್ತಿಯ ಅಂಕ ಸುರಿಯಬೇಕು, ಮಂತ್ರದ ಬಲದ ಪ್ರತಿ ಹಂತಕ್ಕೆ 2. ಅವನ ಹತ್ತಿರ 14 ಇತ್ತು. ಸೇತುವೆಯ ಹತ್ತಿರವೇ 8 ಖಾಲಿ ಮಾಡಿಕೊಂಡಿದ್ದ, ಬಾವಿಯಲ್ಲಿ ಬೆಂಕಿ ಎಸೆದ ಮೇಲೆ ಬರಿಗೈ. "ಆರು ವರ್ಷ ಮಂತ್ರವಾದಿ ಆಡಿದವನಿಗೆ ಕೈ ಕಟ್ಟಿ ಹಾಕಿದ ಹಾಗಾಯ್ತು" ಅಂದ. ಇದರಲ್ಲಿ ನನ್ನ ಪಾಲೂ ಇದೆ. ಅಂಕ ಮುಗಿದ ಮೇಲೂ ಸ್ವಂತ ಪ್ರಾಣಾಂಕ ಕಳೆದುಕೊಂಡು ಶಕ್ತಿ ಪಡೆಯುವ ದಾರಿ ರೂಲ್ಸ್‌ನಲ್ಲೇ ಇದೆ, ಹೇಳುವುದು ನನಗೆ ಮರೆತುಹೋಗಿತ್ತು. ಅವನ ಕ್ಷಮೆ ಕೇಳಿದೆ. ಆದರೂ ದೊಡ್ಡ ಕಥೆಗೆ ಅವನಿಗೆ ಹಳೆಯ ಡಿ ಅಂಡ್ ಡಿಯೇ ಬೇಕು, ನಾನು ಒತ್ತಾಯ ಮಾಡುವುದಿಲ್ಲ. ಇನ್ನೆರಡು ಶನಿವಾರ ಇದನ್ನೇ ಆಡಿ ಆಮೇಲೆ ತೀರ್ಮಾನಿಸುವುದು ಅಂತಾಗಿದೆ. ಅಷ್ಟರೊಳಗೆ ನನ್ನ ಹಾವಿನ ಕೋಷ್ಟಕವನ್ನೂ ತಿದ್ದಬೇಕು, ಸುತ್ತಿಕೊಳ್ಳುವ ಸಾಲಿನ ಪೆಟ್ಟು ಅತಿಯಾಯಿತು.

ಆಟ ಮುಗಿದಾಗ ಕೌಶಲ ಬೆಳೆಸುವ ಎಸೆತಗಳು. ಇಲ್ಲಿ ಲೆಕ್ಕ ತಿರುಗುಮುರುಗು: ಗುರುತು ಹಾಕಿದ ಕೌಶಲದ ಅಂಕಿಗಿಂತ ಹೆಚ್ಚು ಬಿದ್ದರೆ ಅದು ಒಂದು ಮೇಲೇರುತ್ತದೆ. ಗೊತ್ತಿಲ್ಲದ್ದನ್ನು ಬೇಗ ಕಲಿಯುತ್ತೀರಿ, ಬಲ್ಲದ್ದನ್ನು ನಿಧಾನವಾಗಿ. ಎಲ್ಲರೂ ಕತ್ತಿಗೆ, ಬಿಲ್ಲಿಗೆ ಗುರುತು ಹಾಕಿಕೊಂಡರು. ಅವಳು ಮನವೊಲಿಕೆಗೆ ಹಾಕಿದಳು. 17 ಬಿತ್ತು. ರಬ್ಬರ್ ಕೇಳಿ ಪಡೆದು 12ನ್ನು ಅಳಿಸಿ 13 ಬರೆದಳು. ಶೀಟನ್ನು ನನ್ನ ಕೈಗೆ ಕೊಡದೆ, ಮಡಚಿ ತನ್ನ ಚೀಲದಲ್ಲೇ ಇಟ್ಟುಕೊಂಡು ಹೋದಳು.