ಗೆದ್ದವರಿಗೆ ಬೀಗದ ಕೈ ಸಿಗದ ಚುನಾವಣೆ

2023ರ ಮೇ ಮೊದಲ ವಾರದಲ್ಲಿ ಊರಿನಿಂದ ಬರುತ್ತಿದ್ದ ಫೋನುಗಳಲ್ಲೆಲ್ಲ ಒಂದೇ ಮಾತು: ಈ ಸಲ ವಿಧಾನಸಭೆ ಯಾರಿಗೆ? ಅಲ್ಲಿ ಮತದಾನ 10ಕ್ಕೆ, ಎಣಿಕೆ 13ಕ್ಕೆ. ಅದಕ್ಕೂ ಮುಂಚೆ, ಮೇ 4ರ ಗುರುವಾರ, ನಾನಿರುವ ಸ್ಲೌನಲ್ಲೂ ಒಂದು ಚುನಾವಣೆ ನಡೆದುಹೋಯಿತು. ಸ್ಲೌ ಅಂದರೆ ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೂ ವಿಮಾನ ನಿಲ್ದಾಣದ ಮಗ್ಗುಲಿಗಿರುವ ಊರು. ಎರಡು ದಿನ ಕಳೆದರೆ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕ. ಟೀವಿಯವರಿಗೆ ರಥ, ಕುದುರೆ, ಕಿರೀಟ ಇರುವಾಗ ಒಂದು ಊರಿನ ಕೌನ್ಸಿಲ್ (ನಮ್ಮ ನಗರಸಭೆಯಂಥದ್ದು) ಚುನಾವಣೆ ಯಾರಿಗೆ ಬೇಕು? ನನಗೆ ಬೇಕಿತ್ತು. ಓಟೂ ನನ್ನದಿತ್ತು, ಕೌನ್ಸಿಲ್ಲಿನ ತೆರಿಗೆ ಬಿಲ್ಲೂ ನನ್ನ ಹೆಸರಿಗೇ ಬರುತ್ತಿತ್ತು.

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಒಟ್ಟು 42 ಸೀಟು. ಕನ್ಸರ್ವೇಟಿವ್ 21, ಲೇಬರ್ 18, ಲಿಬರಲ್ ಡೆಮಾಕ್ರಾಟ್ 3. ಸರಿಯಾಗಿ ಅರ್ಧಕ್ಕೆ ಬಂದು ನಿಂತ ಕನ್ಸರ್ವೇಟಿವ್ ಪಕ್ಷಕ್ಕೆ ಬಹುಮತಕ್ಕೆ ಒಂದೇ ಸೀಟು ಕಡಿಮೆ. ಆದರೂ ಅಧಿಕಾರ ಅವರಿಗೇ ಬಂತು, ಅವರ ಡೆಕ್ಸ್‌ಟರ್ ಸ್ಮಿತ್ ಕೌನ್ಸಿಲ್ ನಾಯಕರಾದರು. ಒಂದು ದಶಕಕ್ಕೂ ಹೆಚ್ಚು ಕಾಲ ಊರನ್ನು ಆಳಿದ್ದ ಲೇಬರ್ ಮನೆಗೆ ಹೋಯಿತು.

ಇದರಲ್ಲೇನು ವಿಶೇಷ ಅನ್ನಬಹುದು. ಅದೇ ದಿನ ಇಂಗ್ಲೆಂಡಿನ ಉಳಿದೆಡೆ ಏನಾಯಿತು ನೋಡಿ. ಆಗ ಪ್ರಧಾನಿಯಾಗಿದ್ದವರು ರಿಷಿ ಸುನಕ್, ನಮ್ಮ ನಾರಾಯಣಮೂರ್ತಿ ಮತ್ತು ಸುಧಾಮೂರ್ತಿಯವರ ಅಳಿಯ. ಅವರ ಕನ್ಸರ್ವೇಟಿವ್ ಪಕ್ಷ ಅಂದು ದೇಶದುದ್ದಕ್ಕೂ ಸಾವಿರಕ್ಕೂ ಹೆಚ್ಚು ಕೌನ್ಸಿಲರ್‌ಗಳನ್ನು ಕಳೆದುಕೊಂಡಿತು. ಲೇಬರ್ ಎಲ್ಲೆಡೆ ಗೆದ್ದು ಬೀಗುತ್ತಿತ್ತು. ಸ್ಲೌ ಮಾತ್ರ ಹೊಳೆ ಹರಿಯುವ ದಿಕ್ಕಿಗೆ ಎದುರಾಗಿ ಈಜಿತು. ಇಲ್ಲಿನ ಸಂಸದ ತನ್ ಧೇಸಿ ಲೇಬರ್ ಪಕ್ಷದವರು. ಮರುವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಇದೇ ಊರು ಅವರನ್ನು ಮತ್ತೆ ಗೆಲ್ಲಿಸಿ ಕಳಿಸಿತು. ಅಂದಮೇಲೆ ಜನಕ್ಕೆ ಲೇಬರ್ ಮೇಲೆ ಸಿಟ್ಟು ಬಂದಿದ್ದಲ್ಲ, ಊರಿನ ಲೆಕ್ಕಪತ್ರ ನೋಡಿಕೊಂಡವರ ಮೇಲೆ ಬಂದಿತ್ತು.

ಆ ಲೆಕ್ಕಪತ್ರದ ಕಥೆಯೇ ಈ ಚುನಾವಣೆಯ ಒಳಗುಟ್ಟು. 2021ರ ಜುಲೈಯಲ್ಲಿ ಸ್ಲೌ ಕೌನ್ಸಿಲ್ಲಿನ ಹಣಕಾಸು ಅಧಿಕಾರಿ ಸೆಕ್ಷನ್ 114 ನೋಟಿಸ್ ಹೊರಡಿಸಿದರು. ಪತ್ರಿಕೆಗಳು ಇದನ್ನು ದಿವಾಳಿ ಅನ್ನುತ್ತವೆ. ಕಾನೂನಿನ ಪ್ರಕಾರ ಕೌನ್ಸಿಲ್ ಕಂಪನಿಯಂತೆ ಬಾಗಿಲು ಹಾಕಲು ಬರುವುದಿಲ್ಲ. ಆದರೆ ಕಾನೂನು ಮಾಡಲೇಬೇಕು ಅಂದಿರುವ ಕೆಲಸ ಬಿಟ್ಟು ಹೊಸದಾಗಿ ಒಂದು ಪೆನ್ನೀ ಖರ್ಚು ಮಾಡುವಂತಿಲ್ಲ. ಒಂದೂವರೆ ಲಕ್ಷ ಚಿಲ್ಲರೆ ಜನರಿರುವ ಊರಿನ ತಲೆ ಮೇಲೆ ಆಗ 760 ಮಿಲಿಯನ್ ಪೌಂಡ್ ಸಾಲವಿತ್ತು. ಸಾಲ ತಂದು ಆಸ್ತಿ ಕೊಂಡಿದ್ದರು, ಅಭಿವೃದ್ಧಿ ಯೋಜನೆಗಳಿಗೆ ಸುರಿದಿದ್ದರು. ತೀರಿಸಲು ವರ್ಷ ವರ್ಷ ಎತ್ತಿಡಬೇಕಿದ್ದ ಹಣವನ್ನು ಸಾಕಷ್ಟು ಎತ್ತಿಟ್ಟಿರಲಿಲ್ಲ. ಹಳೆಯ ವರ್ಷಗಳ ಲೆಕ್ಕವೂ ಸರಿಯಾಗಿ ಮುಗಿದಿರಲಿಲ್ಲ. ಕೌನ್ಸಿಲ್ಲಿನ ಹೊಸ ಕಚೇರಿಗೆ ಅಬ್ಸರ್ವೇಟರಿ ಹೌಸ್ ಅಂತ ಹೆಸರು. ಯುರೇನಸ್ ಗ್ರಹವನ್ನು ಪತ್ತೆಹಚ್ಚಿದ ವಿಲಿಯಂ ಹರ್ಷೆಲ್ ಈ ಊರಲ್ಲಿ ನಲವತ್ತಡಿ ಉದ್ದದ ದೂರದರ್ಶಕ ಕಟ್ಟಿ ಆಕಾಶ ನೋಡುತ್ತಿದ್ದ, ಅವನ ನೆನಪಿಗೆ. ಕೋಟಿ ಕೋಟಿ ಮೈಲಿ ದೂರದ್ದು ಕಂಡ ಊರಿಗೆ ಕೈಕೆಳಗಿನ ಖಾತೆ ಪುಸ್ತಕ ಕಾಣಲಿಲ್ಲ ಎಂದು ಇಲ್ಲಿ ಎಷ್ಟು ಜನ ನಕ್ಕಿದ್ದಾರೋ.

ಲಂಡನ್ನಿನಲ್ಲಿದ್ದ ಕೇಂದ್ರ ಸರ್ಕಾರ ಸುಮ್ಮನಿರಲಿಲ್ಲ. ಅದೇ 2021ರ ಡಿಸೆಂಬರಿನಲ್ಲಿ ಕೌನ್ಸಿಲ್ಲಿನ ಮೇಲೆ ಕಣ್ಣಿಡಲು ತನ್ನ ಕಮಿಷನರ್‌ಗಳನ್ನು ಕಳಿಸಿತು. ಕಟ್ಟಡ, ಜಾಗ ಮಾರಿ ಸಾಲ ತೀರಿಸುವ ಕೆಲಸ ಶುರುವಾಯಿತು. ನೌಕರರು ಕಡಿಮೆಯಾದರು, ಲೈಬ್ರರಿ ತೆರೆದಿರುವ ಗಂಟೆಗಳೂ ಇಳಿದವು. ಇಷ್ಟರ ಮೇಲೆ 2023ರ ಏಪ್ರಿಲ್‌ನಿಂದ ಕೌನ್ಸಿಲ್ ಟ್ಯಾಕ್ಸ್ ಶೇ 9.99 ಏರಿತು. ಮಾಮೂಲಿಯಾಗಿ ಇಲ್ಲಿ ಶೇ 5ಕ್ಕಿಂತ ಹೆಚ್ಚು ಏರಿಸಬೇಕಾದರೆ ಊರಿನವರ ಜನಮತ ಕೇಳಬೇಕು. ದಿವಾಳಿಯಾದ ಊರುಗಳಿಗೆ ಸರ್ಕಾರ ಅದರಿಂದ ವಿನಾಯಿತಿ ಕೊಟ್ಟಿತ್ತು. ಹೊಸ ಬಿಲ್ ಬಾಗಿಲಿನ ಕಿಂಡಿಯಿಂದ ಒಳಗೆ ಬಿದ್ದ ಹೊತ್ತಿಗೇ ಅಭ್ಯರ್ಥಿಗಳ ಕರಪತ್ರಗಳೂ ಬೀಳತೊಡಗಿದ್ದವು. ಆಳುವ ಪಕ್ಷಕ್ಕೆ ಇದಕ್ಕಿಂತ ಕೆಟ್ಟ ಮುಹೂರ್ತ ಸಿಗುತ್ತಿತ್ತೇ?

ನಮ್ಮ ಕಡೆಯವರಿಗೆ ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಬೆಂಗಳೂರಲ್ಲಿ ಮನೆ ಕಂದಾಯ ಕಟ್ಟುವುದು ಮಾಲೀಕ. ಇಲ್ಲಿ ಕೌನ್ಸಿಲ್ ಟ್ಯಾಕ್ಸ್ ಕಟ್ಟುವುದು ಆ ಮನೆಯಲ್ಲಿ ವಾಸವಿರುವವರು. ಬಾಡಿಗೆಗಿದ್ದರೂ ನಾವೇ ಕಟ್ಟಬೇಕು. ವರ್ಷದ ಮೊತ್ತವನ್ನು ಸಾಮಾನ್ಯವಾಗಿ ಹತ್ತು ಕಂತು ಮಾಡುತ್ತಾರೆ, ಫೆಬ್ರುವರಿ ಮಾರ್ಚ್ ಎರಡು ತಿಂಗಳು ಉಸಿರಾಡಬಹುದು. ಮನೆಯ ದರ್ಜೆ ನಿಗದಿಯಾಗುವುದು 1991ರಲ್ಲಿ ಆ ಮನೆಗೆ ಎಷ್ಟು ಬೆಲೆಯಿತ್ತು ಅನ್ನುವುದರ ಮೇಲೆ! ಮೂವತ್ತು ವರ್ಷ ದಾಟಿದ ಬೆಲೆಯಲ್ಲಿ ಇವತ್ತಿನ ತೆರಿಗೆ ಅಳೆಯುವ ಈ ಪದ್ಧತಿಯನ್ನು ಮುಟ್ಟುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ಹಾಗಾಗಿ ನಿನ್ನೆ ಮೊನ್ನೆ ವಿಮಾನ ಇಳಿದ ಹುಡುಗನಿಗೂ ಕೌನ್ಸಿಲ್ ಯಾರ ಕೈಲಿದೆ ಅನ್ನುವುದು ನೇರವಾಗಿ ಜೇಬಿನ ಪ್ರಶ್ನೆ.

ಜೇಬಿನ ಜೊತೆಗೆ ಓಟೂ ಇದೆ ಅನ್ನುವುದು ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. "ಅಲ್ಲ ಕಣೋ, ನೀನಿನ್ನೂ ಇಂಡಿಯನ್ ಪಾಸ್‌ಪೋರ್ಟಲ್ಲೇ ಇದೀಯಲ್ಲ, ಓಟು ಹೆಂಗೆ ಕೊಟ್ರು?" ಅಂತ ಮೈಸೂರಿನ ಚಿಕ್ಕಪ್ಪ ಗಾಬರಿಯಲ್ಲಿ ಕೇಳಿದ್ದರು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವರ್ಕ್ ವೀಸಾ ಇರಲಿ, ಸ್ಟೂಡೆಂಟ್ ವೀಸಾ ಇರಲಿ, ಇಲ್ಲಿ ವಾಸವಿರುವ ಭಾರತೀಯ ಪ್ರಜೆ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಕೌನ್ಸಿಲ್ಲಿಗಷ್ಟೇ ಅಲ್ಲ, ಪಾರ್ಲಿಮೆಂಟಿಗೂ ಓಟು ಹಾಕಬಹುದು. ಅಭ್ಯರ್ಥಿಯಾಗಿ ನಿಲ್ಲಬೇಕಾದರೆ ಮಾತ್ರ ಖಾಯಂ ವಾಸದ ಅನುಮತಿ ಬೇಕು. ನಮ್ಮವರು ನಿಂತದ್ದೂ ಉಂಟು, ಮೇಲೆ ಬಂದದ್ದೂ ಉಂಟು: ಕಲಬುರಗಿಯಿಂದ ಬಂದ ವೈದ್ಯ ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ವಿಭಾಗದ ಮೇಯರ್ ಆಗಿದ್ದವರು. ಅದೇ ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡಕ್ಕೆ 2015ರಲ್ಲಿ ಬಸವಣ್ಣನ ಪ್ರತಿಮೆ ಬಂತು.

ನಿಜ ಹೇಳಬೇಕೆಂದರೆ ನಮ್ಮ ಆಫೀಸಿನ ಹುಡುಗರು ಪಟ್ಟಿಗೆ ಹೆಸರು ಸೇರಿಸುವುದು ಪ್ರಜಾಪ್ರಭುತ್ವದ ಪ್ರೀತಿಗಲ್ಲ. ಹೆಸರು ಪಟ್ಟಿಯಲ್ಲಿದ್ದರೆ ಕ್ರೆಡಿಟ್ ಸ್ಕೋರ್ ಏರುತ್ತದೆ, ಮುಂದೆ ಮನೆ ಸಾಲಕ್ಕೆ ಅನುಕೂಲ. ಸೇರಿಸಿದ ಮೇಲೆ ಓಟಿನ ದಿನ ಯಾರೂ ಕದಲುವುದಿಲ್ಲ. ಇಂಗ್ಲಿಷರದ್ದೂ ಅದೇ ಪಾಡು, ಸ್ಥಳೀಯ ಚುನಾವಣೆಗೆ ಮೂವರಲ್ಲಿ ಒಬ್ಬರು ಬಂದರೆ ಹೆಚ್ಚು. ಮರುವಾರ ಕರ್ನಾಟಕದಲ್ಲಿ ಶೇ 73 ದಾಟಿದ ಮತದಾನದ ಸುದ್ದಿ ಓದಿ ನಮ್ಮ ಮ್ಯಾನೇಜರ್ ಹುಬ್ಬೇರಿಸಿದ್ದ.

ಪ್ರಚಾರದ ಬಗ್ಗೆ ಬರೆಯಲು ಹೊರಟರೆ ಬರೆಯುವಂಥದ್ದೇ ಇಲ್ಲ, ಅಷ್ಟು ಸಪ್ಪೆ. ತಮಟೆಯಿಲ್ಲ, ಹೂಮಳೆಯಿಲ್ಲ, ಜೆಸಿಬಿಯಿಂದ ಸೇಬಿನ ಹಾರವಂತೂ ಇಲ್ಲವೇ ಇಲ್ಲ. ಸಂಜೆ ಹೊತ್ತು ಅಭ್ಯರ್ಥಿಯೇ ಒಂದು ಪಟ್ಟಿ ಹಿಡಿದು ಬಂದು ಬೆಲ್ ಒತ್ತುತ್ತಾನೆ. ಕೋಟಿನ ಮೇಲೆ ಪಕ್ಷದ ಬಣ್ಣದ ರಿಬ್ಬನ್ ಹೂವು. ನಮ್ಮ ಬಾಗಿಲಿಗೆ ಬಂದ ಒಬ್ಬರು ಹಿಂದಿಯಲ್ಲಿ ಶುರು ಮಾಡಿದರು. ಊರಿನ ಅರ್ಧಕ್ಕೆ ಹತ್ತಿರ ಹತ್ತಿರ ಏಷ್ಯಾ ಮೂಲದವರೇ, ಪಂಜಾಬಿ ಮತ್ತು ಪಾಕಿಸ್ತಾನಿ ಕುಟುಂಬಗಳೇ ಹೆಚ್ಚು, ಹಾಗಾಗಿ ಆ ಊಹೆಯಲ್ಲಿ ತಪ್ಪಿಲ್ಲ. ಖರ್ಚಿಗೂ ಮಿತಿಯಿದೆ: ಆಗ ಒಬ್ಬ ಕೌನ್ಸಿಲ್ ಅಭ್ಯರ್ಥಿಗೆ 806 ಪೌಂಡ್, ಅದರ ಮೇಲೆ ವಾರ್ಡಿನ ಮತದಾರರ ತಲೆಗೆ 7 ಪೆನ್ಸ್. ಆ ಹಣಕ್ಕೆ ನಮ್ಮ ಕಡೆ ಒಂದು ದಿನದ ಬಿರಿಯಾನಿಯೂ ಬರುವುದಿಲ್ಲ ಅಂತ ನಾನಂದರೆ, ಪಕ್ಕದ ಮನೆಯ ಪಂಜಾಬಿ ಅಂಕಲ್ ಗಂಭೀರವಾಗಿ, "ಅದಕ್ಕೇ ಬೇಟಾ, ಇಲ್ಲಿ ಯಾರೂ ಬರಲ್ಲ" ಅಂದರು.

ಮತಗಟ್ಟೆ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ, ಆಫೀಸಿಗೆ ರಜೆಯಿಲ್ಲ. ಮುಗಿಸಿಕೊಂಡು ಹೋದೆ. ಮತಯಂತ್ರವಿಲ್ಲ, ಬೆರಳಿಗೆ ಶಾಯಿಯಿಲ್ಲ. ಕಾಗದದ ಮತಪತ್ರ, ದಾರ ಕಟ್ಟಿದ ಸೀಸದ ಕಡ್ಡಿ. ನಮ್ಮ ವಾರ್ಡಿಗೆ ಇಬ್ಬರು ಕೌನ್ಸಿಲರ್, ಆದ್ದರಿಂದ ಎರಡು ಹೆಸರಿನ ಮುಂದೆ ಕ್ರಾಸ್ ಹಾಕಬಹುದು. ಆ ವರ್ಷ ಹೊಸದಾಗಿ ಬಂದಿದ್ದ ನಿಯಮವೆಂದರೆ ಫೋಟೋ ಇರುವ ಗುರುತು ತೋರಿಸುವುದು. ವೋಟರ್ ಐಡಿ ಜೊತೆ ಬೆಳೆದ ನಮಗೆ ಇದರಲ್ಲೇನೂ ಹೊಸದಿಲ್ಲ, ಭಾರತದ ಪಾಸ್‌ಪೋರ್ಟ್ ತೋರಿಸಿದೆ, ಒಪ್ಪಿದರು. ಆದರೆ ಹೆಸರು ಹೇಳಿದರೆ ಸಾಕಿದ್ದ ಇಂಗ್ಲಿಷ್ ಮುದುಕರಿಗೆ ಇದು ಅವಮಾನದಂತೆ ಕಂಡಿತ್ತು. ಮುದುಕರ ಬಸ್ ಪಾಸ್ ನಡೆಯುತ್ತದೆ, ವಿದ್ಯಾರ್ಥಿಗಳ ಕಾರ್ಡ್ ನಡೆಯುವುದಿಲ್ಲ. ಇದನ್ನು ಬರೆದವರಿಗೆ ಯಾರ ಓಟು ಯಾವ ಕಡೆ ಬೀಳುತ್ತದೆ ಅನ್ನುವ ಅಂದಾಜು ಇರಲಿಲ್ಲ ಅಂತ ನಂಬುವುದು ಕಷ್ಟ. ದೇಶದಲ್ಲಿ ಕನಿಷ್ಠ 14 ಸಾವಿರ ಜನ ಸರಿಯಾದ ಗುರುತಿಲ್ಲದೆ ಅಂದು ಓಟು ಹಾಕದೇ ಮನೆಗೆ ಹೋದರು ಎಂದು ಚುನಾವಣಾ ಆಯೋಗವೇ ಆಮೇಲೆ ಹೇಳಿತು.

ಇನ್ನು ಗೆದ್ದವರ ಗತಿ. ಕನ್ಸರ್ವೇಟಿವ್ ಕೌನ್ಸಿಲರ್‌ಗಳು ಕುರ್ಚಿಯಲ್ಲಿ ಕುಳಿತರು. ಆದರೆ ಹಣಕಾಸು, ದೊಡ್ಡ ಹುದ್ದೆಗಳ ನೇಮಕ ಮುಂತಾದವುಗಳಲ್ಲಿ ಕೊನೆಯ ಮಾತು ಆಗಲೂ ಕಮಿಷನರ್‌ಗಳದ್ದೇ ಆಗಿತ್ತು. ಆ ಕಮಿಷನರ್‌ಗಳನ್ನು ಕಳಿಸಿದ್ದ ಕೇಂದ್ರ ಸರ್ಕಾರವೂ ಕನ್ಸರ್ವೇಟಿವ್ ಪಕ್ಷದ್ದೇ ಅನ್ನುವುದು ಇನ್ನೊಂದು ತಮಾಷೆ. 2024ರಲ್ಲಿ ತೆರಿಗೆ ಏನಾಯಿತು? ಮತ್ತೆ ಶೇ 8.5 ಏರಿತು. ಏರಿಸಿದ್ದು ಈ ಸಲ ನಾವು ಹೊಸದಾಗಿ ಆರಿಸಿದವರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಸಾಲದ ಚೀಲ ಅಷ್ಟು ಭಾರವಿದ್ದಾಗ ಯಾರು ಬಂದರೂ ಅದನ್ನೇ ಮಾಡುತ್ತಿದ್ದರು. ಆದರೆ ತೆರಿಗೆಯ ಸಿಟ್ಟಿಗೆ ಓಟು ಹಾಕಿದವರಿಗೆ ಇದನ್ನು ಮೊದಲೇ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎರಡೂ ಕಡೆಯವರು.

ಹಾಗಾದರೆ ಚುನಾವಣೆ ದಂಡವೇ ಅಂತ ಚಿಕ್ಕಪ್ಪ ಕೇಳಿದರು. ಬೆಂಗಳೂರಿನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಆಡಳಿತಾಧಿಕಾರಿ ಬಂದರು. ಸ್ಲೌನಲ್ಲಿ ನಾವು ಓಟು ಹಾಕುವ ಹೊತ್ತಿಗೂ ಅಲ್ಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಕೋಟಿ ಜನರ ಊರಲ್ಲಿ ಚರಂಡಿ ಕಟ್ಟಿದರೆ ಯಾರಿಗೆ ಹೇಳಬೇಕೆಂದು ನನ್ನ ತಂಗಿಗೆ ಗೊತ್ತಿರಲಿಲ್ಲ. ಸ್ಲೌನಲ್ಲಿ ಖಜಾನೆಯ ಬೀಗದ ಕೈ ಕಮಿಷನರ್ ಹತ್ತಿರ ಇದ್ದರೂ ಚುನಾವಣೆ ನಿಲ್ಲಲಿಲ್ಲ, 42 ಜನ ಆಯ್ಕೆಯಾದರು. ಕೌನ್ಸಿಲರಿಗೆ ಮೇಲ್ ಹಾಕಿದರೆ ಉತ್ತರ ಬರುತ್ತದೆ. "ಹಣವಿಲ್ಲ" ಅನ್ನುವುದೇ ಹೆಚ್ಚಿನ ಸಲ ಆ ಉತ್ತರ, ಆದರೂ ಹೆಸರು ಹಾಕಿ ಬರೆಯುತ್ತಾರೆ. "ಅಷ್ಟಾದರೂ ಇದೆಯಲ್ಲಪ್ಪ" ಅಂದರು ಚಿಕ್ಕಪ್ಪ.

ನಿಗದಿಯಂತೆ ಸ್ಲೌ ಕೌನ್ಸಿಲ್ಲಿಗೆ ಮುಂದಿನ ಚುನಾವಣೆ 2027ರ ಮೇನಲ್ಲಿ. ಈ ಕಡೆಗೆ ಬರುವ ತಯಾರಿಯಲ್ಲಿರುವವರು, ಮನೆ ವಿಳಾಸ ಗೊತ್ತಾದ ಕೂಡಲೇ ಆನ್‌ಲೈನಿನಲ್ಲಿ ಹೆಸರು ಸೇರಿಸಿಬಿಡಿ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಇಲ್ಲಿ ಕೆಲಸ, ತೆರಿಗೆಗೆ ಬಳಸುವ ಗುರುತಿನ ಸಂಖ್ಯೆ) ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ಮತದಾನಕ್ಕೆ ಹನ್ನೆರಡು ಕೆಲಸದ ದಿನ ಮುಂಚೆ ಗಡುವು ಮುಗಿಯುತ್ತದೆ. ತೆರಿಗೆ ಬಿಲ್ಲಿಗೆ ಅಂಥ ಗಡುವೇನಿಲ್ಲ, ಅದು ನೀವು ಕೇಳದಿದ್ದರೂ ಬರುತ್ತದೆ.