ಘಾಟಿಯ ಲಾರಿಗೆ ಕಿಲೋಮೀಟರ್ ಲೆಕ್ಕ ಸಾಲದು

ಡಿಸೆಂಬರ್‌ನಲ್ಲಿ ಅರೇಬಿಕಾ ಕಾಫಿ, ಸಂಕ್ರಾಂತಿ ಕಳೆದ ಮೇಲೆ ರೋಬಸ್ಟಾ, ಅದರ ಜೊತೆಜೊತೆಗೆ ಕರಿಮೆಣಸು ಮತ್ತು ಸಿಲ್ವರ್ ಓಕ್ ದಿಮ್ಮಿಗಳನ್ನು ಹೊತ್ತು ತೋಟದ ಮಣ್ಣುದಾರಿಗೂ ಕುಶಾಲನಗರದಲ್ಲಿ ಕಾಫಿ ಹದಮಾಡುವ ಕ್ಯೂರಿಂಗ್ ಘಟಕಗಳಿಗೂ ನಡುವೆ ಓಡಾಡುವ ಕೊಡಗಿನ ಲಾರಿಗಳು ಬೇಸಿಗೆ ಬರುವಷ್ಟರಲ್ಲಿ ವರ್ಷದ ದುಡಿಮೆಯ ದೊಡ್ಡ ಪಾಲನ್ನು ಮುಗಿಸಿರುತ್ತವೆ. ಇವುಗಳ ಎಂಜಿನ್ ಆಯಿಲ್ ಬದಲಿಸುವ ವಿಚಾರದಲ್ಲಿ ಮೀಟರಿನ ಕಿಲೋಮೀಟರ್ ಒಂದನ್ನೇ ನಂಬಿ ಕೂರುವುದು ನನಗೆ ಸರಿಕಾಣುವುದಿಲ್ಲ.

ಲೆಕ್ಕ ಸರಳವಾಗಿದೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50 ಕಿ.ಮೀ. ಓಡುವ ಲಾರಿಯ ಎಂಜಿನ್ 10,000 ಕಿ.ಮೀ. ಮುಗಿಸಲು 200 ಗಂಟೆ ದುಡಿಯುತ್ತದೆ. ಘಾಟಿಯ ಬುಡದ ಸಂಪಾಜೆಯಿಂದ, ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಮಡಿಕೇರಿಗೆ ತುಂಬಿದ ಲೋಡಿನೊಂದಿಗೆ ಕೆಳ ಗೇರಿನಲ್ಲೇ ಏರುವ, ತೋಟದ ಗೇಟಿನ ಬಳಿ ಎಂಜಿನ್ ನಿಲ್ಲಿಸದೆ ಕಾಯುವ ಲಾರಿಯ ಸರಾಸರಿ 20 ಕಿ.ಮೀ.ಗೆ ಇಳಿದರೆ, ಅದೇ ದೂರಕ್ಕೆ 500 ಗಂಟೆ ಬೇಕಾಗುತ್ತದೆ. ತಯಾರಕರ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಬೇರೆ ಅವಧಿ ಸೂಚಿಸಿದ್ದರೆ ನಮ್ಮ ಘಾಟಿಗೆ ಅನ್ವಯಿಸುವುದು ಅದೇ. ಹೊಸ ಲಾರಿಗಳ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಓಡಿದ ಗಂಟೆಯೂ ಕಾಣುವುದಾದರೆ ಅದನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆಯಿಲ್ ಕಪ್ಪಾಯಿತೆಂದು ಗಾಬರಿಯಾಗುವವರೂ ಇದ್ದಾರೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಒಂದೆಡೆ ಗಟ್ಟಿಗಟ್ಟಲು ಬಿಡದೆ ತನ್ನೊಳಗೆ ತೇಲಿಸಿಟ್ಟುಕೊಳ್ಳುವುದು ಆಯಿಲಿನ ಕೆಲಸವೇ ಆಗಿರುವುದರಿಂದ, ಹೊಸದಾಗಿ ಹಾಕಿದ್ದೂ ಬೇಗನೆ ಕಪ್ಪಾಗುತ್ತದೆ. ಬಣ್ಣಕ್ಕಿಂತ ಹೆಚ್ಚು ಹೇಳುವುದು ಒಂದು ಹನಿ. ಬಿಸಿ ಎಂಜಿನ್ನಿನ ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ಕಿನಿಂದ ಅದನ್ನು ಫಿಲ್ಟರ್ ಕಾಗದದ ಮೇಲೆ ಬೀಳಿಸಿ ಕೆಲವು ಗಂಟೆ ಬಿಟ್ಟು ನೋಡಿದರೆ, ಇನ್ನೂ ಸತ್ವವಿರುವ ಆಯಿಲಿನ ಮಸಿ ಅಂಚಿನವರೆಗೆ ಸಮನಾಗಿ ಹರಡಿರುತ್ತದೆ. ನಡುವೆ ದಟ್ಟ ಕಪ್ಪು ಬೊಟ್ಟೊಂದು ಚೂಪಾದ ಅಂಚಿನೊಂದಿಗೆ ನಿಂತು ಸುತ್ತ ಬರೀ ಎಣ್ಣೆಯ ತೇವ ಕಾಣುತ್ತಿದ್ದರೆ, ಮಸಿಯನ್ನು ಹಿಡಿದಿಡುವ ಶಕ್ತಿ ಮುಗಿದಿದೆ ಎಂದೇ ಅರ್ಥ. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲ, ಆದರೆ ಶೆಡ್ಡಿನಲ್ಲಿ ಕಾಸಿಲ್ಲದೆ ಆಗುವ ಪರೀಕ್ಷೆ. ನಿಜವಾಗಿ ಗಾಬರಿಯಾಗಬೇಕಾದದ್ದು ಆಯಿಲಿನ ಮಟ್ಟ ತಾನಾಗಿ ಏರಿದಾಗ, ಏಕೆಂದರೆ ಆಯಿಲ್ ಚೇಂಬರಿಗೆ ಡೀಸೆಲ್ಲೋ, ಎಂಜಿನ್ ತಣಿಸುವ ಕೂಲೆಂಟೋ ಇಳಿಯುತ್ತಿದೆ.

ಮಳೆಗಾಲದ್ದು ಬೇರೆಯೇ ಕತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವಿಲ್ಲದೆ ನಿಂತ ಲಾರಿಯನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಬ್ಯಾಟರಿಯ ಮೇಲಿನ ಪ್ರೀತಿಯಿಂದ ಎಂಜಿನ್ನಿಗೆ ಮಾಡುವ ಅಪಕಾರವಿದು. ಅಷ್ಟರಲ್ಲಿ ಆಯಿಲ್ ಬಿಸಿಯಾಗದೆ, ದಹನದಿಂದ ಬಂದ ನೀರಾವಿ ಒಳಗೇ ತಣ್ಣಗಾಗಿ ಆಯಿಲಿನೊಂದಿಗೆ ಬೆರೆಯುತ್ತದೆ. ಆಯಿಲ್ ಸುರಿಯುವ ಫಿಲ್ಲರ್ ಮುಚ್ಚಳದ ಒಳಬದಿಗೆ ಅಂಟುವ ಮಜ್ಜಿಗೆ ಬಣ್ಣದ ಲೋಳೆ ಬಹುಪಾಲು ಅದರದ್ದೇ. ಓಡಿಸುವುದಾದರೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು, ಇಲ್ಲವಾದರೆ ಬ್ಯಾಟರಿ ಕಳಚಿಟ್ಟು ಸುಮ್ಮನಿರಬೇಕು. ಹಳೆಯ ಆಯಿಲಿನಲ್ಲಿ ಸೇರಿದ ಆಮ್ಲಾಂಶ ತಿಂಗಳುಗಟ್ಟಲೆ ಬೇರಿಂಗುಗಳನ್ನು ತಿನ್ನದಿರಲು ಆಯಿಲ್ ಮತ್ತು ಫಿಲ್ಟರನ್ನು ಮಳೆ ಹಿಡಿಯುವ ಮೊದಲೇ, ಎಂಜಿನ್ ಬಿಸಿಯಿರುವಾಗಲೇ ಬದಲಿಸುವುದು ಮೇಲು.

ಆಯಿಲಿನ ದರ್ಜೆಯ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ಮಾನದಂಡದ ಲಾರಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುವಲ್ಲಿ, ಸಿಕೆ-4 ದರ್ಜೆಯಂತಹ ಬೂದಿ ಕಡಿಮೆಯಿರುವ ಆಯಿಲ್ ಬೇಕು. ಸಿಕ್ಕ ಮಸಿಯನ್ನು ಡಿಪಿಎಫ್ ಆಗಾಗ ಸುಟ್ಟು ತೆಗೆಯಬಲ್ಲದು. ಆಯಿಲಿನ ಬೂದಿಯನ್ನು ಸುಡಲಾರದು. ಹಳೆಯ ಲಾರಿಯ ಡಬ್ಬದಲ್ಲಿ ಉಳಿದದ್ದನ್ನು ಹೊಸದಕ್ಕೆ ಸುರಿಯುವ ಉಳಿತಾಯ ಇಲ್ಲಿ ದುಬಾರಿಯಾಗುತ್ತದೆ.

ಆಯಿಲಿನಷ್ಟೇ ಗಮನ ರೇಡಿಯೇಟರಿಗೂ ಬೇಕು. ಘಾಟಿಯಲ್ಲಿ ಹೆಜ್ಜೆಹೆಜ್ಜೆಗೂ ತೊರೆಯಿರುವುದರಿಂದ ಕ್ಲೀನರ್ ಅಲ್ಲಿಯ ನೀರನ್ನೇ ತುಂಬಿಸಿಬಿಡುತ್ತಾನೆ. ವೆಟ್ ಲೈನರ್, ಅಂದರೆ ಹೊರಮೈಗೆ ಕೂಲೆಂಟ್ ನೇರವಾಗಿ ತಾಗುವ ಸಿಲಿಂಡರ್ ಕೊಳವೆ, ಇರುವ ಎಂಜಿನ್ನಿನಲ್ಲಿ ಪಿಸ್ಟನ್ನಿನ ಬಡಿತಕ್ಕೆ ಲೈನರ್ ಅದುರಿ, ಅದರ ಹೊರಮೈಯಲ್ಲಿ ಹುಟ್ಟುವ ಆವಿಗುಳ್ಳೆಗಳು ಒಡೆದು ಲೋಹವನ್ನು ಸೂಜಿ ಚುಚ್ಚಿದಂತೆ ಕೊರೆಯುತ್ತವೆ. ಕೂಲೆಂಟಿನಲ್ಲಿರುವ ರಾಸಾಯನಿಕ ಅದಕ್ಕೆ ತಡೆಯೊಡ್ಡುತ್ತದೆ, ತೊರೆಯ ನೀರಿನಲ್ಲಿ ಅದಿಲ್ಲ. ದಾರಿಯಲ್ಲಿ ಅನಿವಾರ್ಯವಾಗಿ ನೀರು ಹಾಕಿದ್ದರೆ, ಊರಿಗೆ ಬಂದ ಮೇಲೆ ಅದನ್ನು ಪೂರ್ತಿ ಇಳಿಸಿ ಸರಿಯಾದ ಕೂಲೆಂಟ್ ತುಂಬಿಸಬೇಕು.